ಆಕಾಶದಲ್ಲಿ ಫ್ಯೂಜು ಹೋದರೆ

ವರ್ಷಕ್ಕೆ ಎರಡು ಮೂರು ಸಲವಾದರೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಸುದ್ದಿ ನಿಮ್ಮ ಗಮನಕ್ಕೂ ಬಂದಿರಬಹುದು. ಯಾವುದೋ ಹಳ್ಳಿಯ ಯುವಕನೊಬ್ಬ ಹಳೆಯ ಬೈಕಿನ ಇಂಜಿನ್ನು, ಗುಜರಿಯ ಕೊಳವೆಗಳು, ಪೇಟೆಯಲ್ಲಿ ಸಿಕ್ಕ ಮೋಟರು ಇವನ್ನೆಲ್ಲ ಕೂಡಿಸಿ ವಿಮಾನವನ್ನೋ ಹೆಲಿಕಾಪ್ಟರನ್ನೋ ಕಟ್ಟಿರುತ್ತಾನೆ. ಅವನ ನಗುಮುಖದ ಚಿತ್ರವಿರುತ್ತದೆ, ಊರ ಹಿರಿಯರು ಹೊದಿಸಿದ ಶಾಲು ಇರುತ್ತದೆ. ಇಷ್ಟೇ ಸಾವಿರ ರೂಪಾಯಿಯಲ್ಲಿ ವಿಮಾನ ಮಾಡಿದನೆಂಬುದು ತಲೆಬರಹ. ಆ ಹುಡುಗನ ಛಲದ ಬಗ್ಗೆ ನನಗೆ ನಿಜವಾದ ಗೌರವವಿದೆ. ಸುದ್ದಿ ಬರೆದವರ ಬಗ್ಗೆ ಅಷ್ಟು ಇಲ್ಲ. ಅವರಲ್ಲಿ ಒಬ್ಬರಾದರೂ, "ತಮ್ಮಾ, ಇದರಲ್ಲಿ ಯಾವ ವಾಯರು ಹಾಕಿರುವೆ? ಈ ಸ್ವಿಚ್ಚು ಅಂಟಿಕೊಂಡರೆ ಏನಾಗುವದು?" ಎಂದು ಕೇಳಿದ್ದನ್ನು ನಾನು ಓದಿಲ್ಲ. ಅಗ್ಗವಾಗಿರುವದನ್ನೇ ಜಾಣತನವೆಂದು ಹೊಗಳುತ್ತ ಹೋದರೆ ಆ ಮಗುವನ್ನು ನಾವೇ ಮಾಳಿಗೆಯ ಅಂಚಿಗೆ ತಳ್ಳಿದಂತೆ.

ನಿವೃತ್ತ ಮಾಸ್ತರನಿಗೆ ವಿಮಾನದ ಗೊಡವೆ ಏಕೆಂದು ಬಂಧುಗಳು ಕೇಳಬಹುದು. ನಮ್ಮ ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ನಮ್ಮ ಮೇಲೆ ಹಾದುಹೋಗುವ ವಿಮಾನಗಳು ಬಿಳಿಯ ಗೆರೆ ಎಳೆದು ಮಾಯವಾಗುತ್ತವೆ, ಅಷ್ಟೇ. ಆದರೂ ಬರೆಯಲು ಒಂದು ಕಾರಣವಿದೆ. ರಬಕವಿಯ ನೇಕಾರರ ಮನೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬೆಂಗಳೂರಿನಲ್ಲಿ ಇಂಜಿನಿಯರ್. ಮೂವರು ಗೆಳೆಯರೊಡನೆ ಸೇರಿ ಎರಡು ಆಸನಗಳ ಹಗುರ ವಿಮಾನವೊಂದನ್ನು ಕಟ್ಟುವ ಸಂಕಲ್ಪ ಮಾಡಿದ್ದಾನೆ. ಬಿಡಿಭಾಗಗಳ ಪೆಟ್ಟಿಗೆಗಳನ್ನು ತರಿಸಿಕೊಂಡು ಶೆಡ್ಡಿನಲ್ಲಿ ಜೋಡಿಸುವ ಈ ಪದ್ಧತಿ ಅಮೆರಿಕದಲ್ಲಿ ಹೊಸದೇನಲ್ಲ. ಪಾಲ್ ಪೊಬೆರೆಜ್ನಿ ಎಂಬವರು 1953ರಲ್ಲಿ ಇಂಥ ಹವ್ಯಾಸಿಗಳ ಸಂಘವನ್ನೇ ಕಟ್ಟಿದರು. ರೆಕ್ಕೆ, ಇಂಜಿನ್ನು, ಚೌಕಟ್ಟು ಇವುಗಳ ಲೆಕ್ಕಾಚಾರವನ್ನು ಕಿಟ್ಟು ಮಾಡಿದವರೇ ಮುಗಿಸಿರುತ್ತಾರೆ. ಕಟ್ಟುವವನ ವಿವೇಚನೆಗೆ ಹೆಚ್ಚಾಗಿ ಬಿಟ್ಟಿರುವದು ವಿದ್ಯುತ್ತಿನ ಭಾಗ. ಯಾವ ಸ್ವಿಚ್ಚು, ಯಾವ ರಿಲೇ, ಯಾವ ವಾಯರು, ಫ್ಲ್ಯಾಪು ಇಳಿಸಲು ಯಾವ ಮೋಟರು ಎಂಬುದನ್ನೆಲ್ಲ ಅವನೇ ಆರಿಸಬೇಕು. ಹುಡುಗ ಅಂಥದೊಂದು ಪಟ್ಟಿ ಮಾಡಿ, "ಸರ್, ಓಮನ ನಿಯಮ ಕಲಿಸಿದವರು ನೀವು, ಒಮ್ಮೆ ಕಣ್ಣಾಡಿಸಿರಿ" ಎಂದು ಕಳಿಸಿದ. ಅರವತ್ತು ದಾಟಿದ ಮೇಲೂ ಇಂಥ ಮನೆಗೆಲಸ ಬರುವದು ಮಾಸ್ತರಿಕೆಯ ಪುಣ್ಯವೆಂದೇ ತಿಳಿದು ಕುಳಿತು ಓದಿದೆ. ಅವನ ತಂದೆ ಜೀವಮಾನವೆಲ್ಲ ಮಗ್ಗದ ಮುಂದೆ ಕಳೆದವರು, ವಿಮಾನ ಹತ್ತಿದವರಲ್ಲ. ಮೊದಲ ಸವಾರಿ ಅವರಿಗೇ ಎಂದು ಮಗ ಮಾತು ಕೊಟ್ಟಿದ್ದಾನೆ. ಆದ್ದರಿಂದ ಆ ಪಟ್ಟಿಯನ್ನು ಸಾಮಾನು ತರುವ ಚೀಟಿಯಂತೆ ಓದಲು ನನಗೆ ಸಾಧ್ಯವಾಗಲಿಲ್ಲ.

ಪಟ್ಟಿಯಲ್ಲಿ ವಸ್ತುವಿನ ಹೆಸರು, ತೂಕ, ಬೆಲೆ, ಎಲ್ಲಿ ಸಿಗುವದು ಎಂಬ ನಾಲ್ಕು ಅಂಕಣಗಳಿದ್ದವು. ಐದನೆಯ ಅಂಕಣ ಬೇಕೆಂಬುದು ನನ್ನ ವಾದ, ಈ ಬರಹದ ಹುರುಳೂ ಅದೇ. ಅದರ ತಲೆಯ ಮೇಲೆ ಹೀಗೆ ಬರೆಯಬೇಕು: "ಇದು ಕೆಟ್ಟಾಗ ಯಾವ ಸ್ಥಿತಿಯಲ್ಲಿ ಕೆಡುವದು?" ವಸ್ತು ಚೆನ್ನಾಗಿ ಕೆಲಸ ಮಾಡುವದನ್ನು ಅಂಗಡಿಯವನೇ ತೋರಿಸುತ್ತಾನೆ. ಅದು ಹೇಗೆ ಸಾಯುತ್ತದೆ ಎಂಬುದನ್ನು ಕೊಳ್ಳುವವನೇ ವಿಚಾರಿಸಬೇಕು.

ಮಗ್ಗದ ಮನೆಯ ಹುಡುಗನಿಗೆ ಇದನ್ನು ವಿವರಿಸುವದು ಸುಲಭ. ಪಾವರ್‌ಲೂಮಿನಲ್ಲಿ ಹೊಕ್ಕಿನ ಎಳೆ ಹರಿದರೆ ಸಣ್ಣದೊಂದು ಕವಲುಕಡ್ಡಿ ಅದನ್ನು ಗುರುತಿಸಿ ಮಗ್ಗವನ್ನು ನಿಲ್ಲಿಸುತ್ತದೆ. ದೊಡ್ಡ ಗಿರಣಿಗಳ ಮಗ್ಗಗಳಲ್ಲಿ ಹಾಸಿನ ಪ್ರತಿ ಎಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುಬಿದ್ದಿರುತ್ತದೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬಿದ್ದು ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸುತ್ತದೆ, ಮಗ್ಗ ನಿಲ್ಲುತ್ತದೆ. (ಬನಹಟ್ಟಿಯ ಹಳೆಯ ನೇಕಾರರಿಗೆ ಈ ಪಟ್ಟಿಯೂ ಬೇಡ. ಆಚೆ ಕೋಣೆಯಲ್ಲಿ ಕುಳಿತು ಚಹ ಕುಡಿಯುತ್ತಿದ್ದರೂ ಹತ್ತು ಮಗ್ಗಗಳ ಸದ್ದಿನಲ್ಲಿ ಒಂದರ ತಾಳ ತಪ್ಪಿದ್ದು ಅವರಿಗೆ ತಿಳಿಯುತ್ತದೆ.) ಕಬ್ಬಿನ ಗದ್ದೆಯ ಪಂಪಿಗೂ ಹೀಗೆಯೇ. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟರನ್ನು ಕಡಿದುಹಾಕುವ ಸಾಧನ ಸ್ಟಾರ್ಟರಿನ ಪೆಟ್ಟಿಗೆಯಲ್ಲಿದೆ. ಮಗ್ಗವಾಗಲಿ ಪಂಪಾಗಲಿ ನೆಲದ ಮೇಲಿನ ಯಂತ್ರ. ಸಂಶಯ ಬಂದರೆ ನಿಲ್ಲುವದೇ ಅದಕ್ಕೆ ಕ್ಷೇಮ. ಆಕಾಶದಲ್ಲಿರುವ ಯಂತ್ರಕ್ಕೆ ಈ ಸೌಕರ್ಯವಿಲ್ಲ. ಅಲ್ಲಿ ಕೆಲವು ವಸ್ತುಗಳು ಕೆಟ್ಟರೆ ನಿಂತುಬಿಡಬೇಕು, ಕೆಲವು ಕೆಟ್ಟರೂ ನಡೆಯುತ್ತಿರಬೇಕು, ಇನ್ನು ಕೆಲವು ಇದ್ದ ಜಾಗದಲ್ಲಿಯೇ ಕದಲದೆ ಉಳಿಯಬೇಕು. ಯಾವುದು ಯಾವ ಗುಂಪಿಗೆ ಸೇರಿದ್ದೆಂಬುದು ನಿರ್ಧಾರವಾಗುವ ಮೊದಲು ಬೆಲೆಯ ಮಾತು ಬರಬಾರದು.

ಪಟ್ಟಿಯ ಮೊದಲ ಸಾಲನ್ನೇ ನೋಡಿರಿ. ಬ್ಯಾಟರಿಯಿಂದ ಇಡೀ ವಿಮಾನಕ್ಕೆ ವಿದ್ಯುತ್ತನ್ನು ಕೊಡುವ ಮತ್ತು ಕಡಿಯುವ ದೊಡ್ಡ ರಿಲೇ ಒಂದಿರುತ್ತದೆ. ಟ್ರ್ಯಾಕ್ಟರಿನ ಸ್ಟಾರ್ಟರಿಗೆ ಹಾಕುವ ಸೊಲೆನಾಯ್ಡು ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ಅದೇ ಡಬ್ಬಿ, ಅವೇ ಎರಡು ದಪ್ಪ ಬೋಲ್ಟು, ಬೆಲೆ ಮಾತ್ರ ಕಡಿಮೆ. ಆದರೆ ಸ್ಟಾರ್ಟರಿನದು ಕೆಲವೇ ಸೆಕೆಂಡು ದುಡಿಯಲೆಂದು ಮಾಡಿದ್ದು. ಅದರ ಸುರುಳಿ ಮೂರು ನಾಲ್ಕು ಆಂಪಿಯರ್ ಎಳೆಯುತ್ತದೆ. ಎಡೆಬಿಡದೆ ದುಡಿಯಲು ಮಾಡಿದ ರಿಲೇ ಒಂದು ಆಂಪಿಯರಿನ ಆಸುಪಾಸಿನಲ್ಲಿ ತೃಪ್ತವಾಗಿರುತ್ತದೆ. ಮೊದಲಿನದನ್ನು ಎರಡನೆಯದರ ಜಾಗದಲ್ಲಿ ಕೂಡಿಸಿದರೆ ಅರ್ಧ ತಾಸಿನಲ್ಲಿ ಮುಟ್ಟಲಾರದಷ್ಟು ಕಾಯುತ್ತದೆ. ಅದು ಸುಟ್ಟುಹೋಗುವದು ನೆಲದ ಮೇಲಿನ ಪರೀಕ್ಷೆಯಲ್ಲಲ್ಲ, ಹಾರಾಟದ ನಡುವೆ. ಹುಡುಗನ ಪಟ್ಟಿಯಲ್ಲಿದ್ದದ್ದು ಟ್ರ್ಯಾಕ್ಟರಿನದು. ಹತ್ತಿರದ ಅಂಗಡಿಯಲ್ಲಿ ಸಿಗುವದೆಂಬ ಷರಾ ಕೂಡ ಬರೆದಿದ್ದ.

ಇಂಥ ಸುರುಳಿಗಳ ವಿಷಯದಲ್ಲಿ ಇನ್ನೊಂದು ಮಾತು. ಹತ್ತನೆಯ ಇಯತ್ತೆಯಲ್ಲಿ ಲೆಂಝನ ನಿಯಮ ಕಲಿತದ್ದು ನೆನಪಿದೆಯೇ? ಸುರುಳಿಯಲ್ಲಿ ಹರಿಯುವ ಪ್ರವಾಹವನ್ನು ಥಟ್ಟನೆ ಕಡಿದರೆ ಅದು ಸೆಣಸುತ್ತದೆ. 12 ವೋಲ್ಟಿನ ಸುರುಳಿ ಕೂಡ ನೂರಾರು ವೋಲ್ಟಿನ ಕಿಡಿ ಹಾರಿಸುತ್ತದೆ. ಆ ಕಿಡಿ ಪ್ರತಿ ಸಲವೂ ಸ್ವಿಚ್ಚಿನ ತುಟಿಗಳನ್ನು ಸ್ವಲ್ಪ ಸ್ವಲ್ಪ ಸುಡುತ್ತದೆ, ಕೊನೆಗೆ ಸ್ವಿಚ್ಚು ಒಂದೋ ಸಂಪರ್ಕ ಕೊಡುವದಿಲ್ಲ, ಇಲ್ಲವೇ ಬಿಡುವದಿಲ್ಲ. ಸುರುಳಿಗೆ ಅಡ್ಡಲಾಗಿ ಒಂದು ಡಯೋಡು ಬೆಸೆದರೆ ಸಾಕು, ಬೆಲೆ ಎರಡು ರೂಪಾಯಿ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಉತ್ತರಕ್ಕೆ ಹೀಗೂ ಒಂದು ಉಪಯೋಗವಿದೆ.

ಸ್ವಿಚ್ಚಿನ ಮೇಲೆ ಬರೆದ ಅಂಕಿಗಳನ್ನು ಓದುವದನ್ನು ನಮ್ಮವರು ಕಲಿಯಲೇ ಇಲ್ಲ. 6 ಆಂಪಿಯರ್, 230 ವೋಲ್ಟ್ ಎಂದು ಬರೆದಿದ್ದರೆ ಅದು ಮನೆಯ ಎ.ಸಿ. ಪ್ರವಾಹಕ್ಕೆ ಕೊಟ್ಟ ಮಾತು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಆದ್ದರಿಂದ ಸ್ವಿಚ್ಚು ತೆರೆದಾಗ ಎದ್ದ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಡಿ.ಸಿ. ಪ್ರವಾಹ ಸೊನ್ನೆಗೆ ಬರುವದೇ ಇಲ್ಲ. ಅದಕ್ಕೆ ಬೇರೆ ಅಂಕಿ ಬೇಕು, ಅದರಲ್ಲಿಯೂ ಮೋಟರನ್ನು ನಡೆಸುವ ಸ್ವಿಚ್ಚಿಗೆ ಇನ್ನೂ ಬೇರೆ. ಈ ಸಣ್ಣ ಅಂಕಿಗಳನ್ನು ಅಲಕ್ಷಿಸಿದ್ದರಿಂದ ಚಂದ್ರಯಾನವೊಂದೇ ಮುರಿದುಬಿದ್ದ ಕಥೆ ನಿಮಗೆ ಗೊತ್ತಿರಬೇಕು. ಅಪೊಲೊ 13ರ ಆಮ್ಲಜನಕದ ತೊಟ್ಟಿಯೊಳಗಿನ ಕಾವುಕಡ್ಡಿಗೆ ಅತಿಯಾಗಿ ಕಾಯದಂತೆ ಕಡಿಯುವ ಸ್ವಿಚ್ಚುಗಳಿದ್ದವು. ಅವು 28 ವೋಲ್ಟಿನವು. ಉಡಾವಣೆಯ ನೆಲೆಯಲ್ಲಿ ಮಾತ್ರ 65 ವೋಲ್ಟು ಕೊಡುತ್ತಿದ್ದರು. ತೊಟ್ಟಿ ಖಾಲಿ ಮಾಡಲು ತಾಸುಗಟ್ಟಲೆ ಕಾವು ಕೊಟ್ಟಾಗ ಸ್ವಿಚ್ಚು ತೆರೆಯಹೋಗಿ ಅದರ ತುಟಿಗಳು ಬೆಸೆದುಕೊಂಡುಬಿಟ್ಟವು. ಕಾವು ಏರುತ್ತಲೇ ಹೋಯಿತು, ಒಳಗಿನ ವಾಯರಿನ ಹೊದಿಕೆ ಸುಟ್ಟಿತು, ಹೊರಗಿನವರಿಗೆ ಯಾರಿಗೂ ತಿಳಿಯಲಿಲ್ಲ. 1970ರ ಎಪ್ರಿಲ್ 13ರಂದು ಭೂಮಿಯಿಂದ ಲಕ್ಷಾಂತರ ಕಿಲೋಮೀಟರು ದೂರದಲ್ಲಿ ತೊಟ್ಟಿಯ ಪಂಖವನ್ನು ತಿರುಗಿಸಿದಾಗ ಕಿಡಿ ಹಾರಿ ತೊಟ್ಟಿ ಸಿಡಿಯಿತು. ಮೂವರೂ ಬದುಕಿ ಬಂದದ್ದು ದೈವಕೃಪೆ ಮತ್ತು ಅಸಾಧಾರಣ ಬುದ್ಧಿ. ನಾಸಾದಂಥ ಸಂಸ್ಥೆಯಲ್ಲಿಯೇ ಒಂದು ಅಂಕಿ ಕಣ್ತಪ್ಪಿಸಿಕೊಂಡಿತೆಂದ ಮೇಲೆ ಶೆಡ್ಡಿನಲ್ಲಿ ನಾಲ್ವರು ಗೆಳೆಯರು ಎಷ್ಟು ಎಚ್ಚರವಿರಬೇಕು!

ಫ್ಯೂಜಿನ ಬಗ್ಗೆ ನಮ್ಮ ಸೀಮೆಯವರಿಗೆ ಹೇಳಲು ನನಗೆ ಸ್ವಲ್ಪ ಸಂಕೋಚ. ಫ್ಯೂಜು ಹೋಯಿತೆಂದರೆ ಕೇಬಲಿನ ಎರಡು ಎಳೆ ತಾಮ್ರ ಸುತ್ತಿ ಮುಂದೆ ಸಾಗುವವರು ನಾವು. ರಾತ್ರಿ ಕರೆಂಟು ಬಂದಾಗ ಎದ್ದು ಹೋಗುವ ಬೇಸರಕ್ಕೆ ಸ್ಟಾರ್ಟರಿನ ಕಾವಲು ಸಾಧನಗಳನ್ನೇ ದಾಟಿಸಿ ಪಂಪು ತಾನಾಗಿ ಹೊರಡುವಂತೆ ಮಾಡಿಟ್ಟಿರುತ್ತೇವೆ. ರೈತನ ಕಷ್ಟ ನನಗೆ ಗೊತ್ತಿದೆ, ಬೆಳೆ ಒಣಗುವಾಗ ತತ್ವಬೋಧೆ ಹಿಡಿಸುವದಿಲ್ಲ. ಇದರ ಫಲವಾಗಿ ಮುಧೋಳದ ರಿವೈಂಡಿಂಗ್ ಅಂಗಡಿಗಳಲ್ಲಿ ಸುಟ್ಟ ಮೋಟರುಗಳ ಸಾಲು ಎಂದೂ ಕರಗುವದಿಲ್ಲ. ಅಲ್ಲಿಯ ಕುಶಲಕರ್ಮಿಗಳು ಸುರುಳಿ ಕಪ್ಪಾದ ರೀತಿಯನ್ನು ನೋಡಿಯೇ ಒಂದು ಫೇಸು ಹೋಗಿತ್ತೆಂದು ಹೇಳಿಬಿಡುತ್ತಾರೆ. ವಸ್ತು ಹೇಗೆ ಸತ್ತಿತೆಂಬುದನ್ನು ಓದಬಲ್ಲ ಅವರು ನನ್ನ ದೃಷ್ಟಿಯಲ್ಲಿ ಈ ವಿಷಯದ ಪಂಡಿತರು. ಹುಡುಗನಿಗೆ, "ನೀನು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಮುಧೋಳದ ಒಂದು ರಿವೈಂಡಿಂಗ್ ಅಂಗಡಿಯಲ್ಲಿ ಒಂದು ದಿನ ಕೂಡು" ಎಂದು ಬರೆದಿದ್ದೇನೆ. ತಮಾಷೆಗೆ ಬರೆದದ್ದಲ್ಲ.

ಫ್ಯೂಜು ಇರುವದು ಉಪಕರಣವನ್ನು ಕಾಯಲು ಎಂಬ ತಪ್ಪು ತಿಳುವಳಿಕೆ ಓದಿದವರಲ್ಲಿಯೂ ಇದೆ. ಅದು ಕಾಯುವದು ವಾಯರನ್ನು. ವಾಯರು ತಾಳಿಕೊಳ್ಳುವಷ್ಟು ಪ್ರವಾಹಕ್ಕೆ ಫ್ಯೂಜು ಆರಿಸಬೇಕು. ಅಮೆರಿಕದ ವಿಮಾನಯಾನ ಇಲಾಖೆಯ ಕೈಪಿಡಿಯಲ್ಲಿ 22 ಗೇಜಿನ ವಾಯರಿಗೆ 5 ಆಂಪಿಯರ್, 18 ಗೇಜಿಗೆ 10 ಆಂಪಿಯರ್ ಎಂದು ಕೋಷ್ಟಕವನ್ನೇ ಕೊಟ್ಟಿದ್ದಾರೆ. ವಾಯರಿನ ಹೊದಿಕೆಯೂ ಮುಖ್ಯ. ಮನೆಗೆ ಹಾಕುವ ಪಿ.ವಿ.ಸಿ. ಹೊದಿಕೆ ಸಾಮಾನ್ಯವಾಗಿ 70 ಡಿಗ್ರಿಯವರೆಗೆ ತಾಳುತ್ತದೆ, ಸುಟ್ಟರೆ ಅದರ ಹೊಗೆ ಕಣ್ಣು ಗಂಟಲು ಹಿಡಿಯುತ್ತದೆ. ವಿಮಾನಕ್ಕೆ ಬಳಸುವ ಟೆಫ್‌ಝೆಲ್ ಹೊದಿಕೆಯ ವಾಯರು 150 ಡಿಗ್ರಿ ತಾಳುತ್ತದೆ. ಮನೆಯಲ್ಲಿ ವಾಯರು ಹೊಗೆಯಾಡಿದರೆ ಮೇನ್ ಸ್ವಿಚ್ಚು ತೆಗೆದು ಅಂಗಳಕ್ಕೆ ಬರುತ್ತೇವೆ. ವಿಮಾನಕ್ಕೆ ಅಂಗಳವಿಲ್ಲ. 1998ರ ಸೆಪ್ಟೆಂಬರ್ 2ರಂದು ಕೆನಡಾದ ತೀರದಾಚೆ ಸಮುದ್ರಕ್ಕೆ ಬಿದ್ದ ಸ್ವಿಸ್‌ಏರ್ 111ರಲ್ಲಿ, ವೈಮಾನಿಕರ ಮೂಗಿಗೆ ವಾಸನೆ ಬಡಿದಾಗಿನಿಂದ ಎಲ್ಲ ಮುಗಿಯುವವರೆಗೆ ಸಿಕ್ಕದ್ದು ಸುಮಾರು 20 ನಿಮಿಷ. ಛಾವಣಿಯ ಮೇಲಿನ ವಾಯರಿನಲ್ಲಿ ಎದ್ದ ಕಿಡಿ ಹತ್ತಿರದ ಹೊದಿಕೆಗೆ ಹತ್ತಿತ್ತು. 229 ಜನ ತೀರಿಕೊಂಡರು.

ಬೆಸುಗೆ ಬೇಡ, ಕ್ರಿಂಪು ಬೇಕು ಎಂಬುದು ಹುಡುಗನಿಗೂ ಗೊತ್ತಿತ್ತು. ಅಲುಗಾಟದಲ್ಲಿ ಬೆಸುಗೆಯ ಅಂಚಿನಲ್ಲಿ ಎಳೆಗಳು ಬಿರುಸಾಗಿ ಮುರಿಯುತ್ತವೆ. ಆದರೆ ಕ್ರಿಂಪನ್ನು ಇಕ್ಕಳದಿಂದ ಒತ್ತಬಾರದು, ಅದಕ್ಕೆಂದೇ ಮಾಡಿದ, ಪೂರ್ತಿ ಒತ್ತುವವರೆಗೆ ಬಿಡದಂಥ ಉಪಕರಣವಿದೆ. ಅದು ತುಟ್ಟಿ. ಅದನ್ನೇ ಮೊದಲು ಕೊಳ್ಳಲಿ.

ಇನ್ನು ಆಕ್ಚುಯೇಟರುಗಳ ಮಾತು. ವಿದ್ಯುತ್ತನ್ನು ತಳ್ಳುವ ಎಳೆಯುವ ಚಲನೆಯಾಗಿಸುವ ಸಾಧನಗಳು ಇವು: ಒಂದು ಪುಟ್ಟ ಮೋಟರು, ಕೆಲವು ಹಲ್ಲುಗಾಲಿ, ಒಂದು ತಿರುಪಿನ ಕಂಬಿ. ಹಗುರ ವಿಮಾನದಲ್ಲಿ ಇವುಗಳಿಗೆ ಮುಖ್ಯವಾಗಿ ಎರಡು ಕೆಲಸ. ಒಂದು, ಇಳಿಯುವಾಗ ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಕೆಳಗಿಳಿಸುವದು. ಎರಡು, ಟ್ರಿಮ್, ಅಂದರೆ ವೈಮಾನಿಕನು ಕೋಲನ್ನು ಹಿಡಿದೇ ಕೂಡಬೇಕಾಗದಂತೆ ಬಾಲದ ಮೇಲಿನ ಒತ್ತಡವನ್ನು ಸರಿದೂಗಿಸುವದು. ವಿಮಾನವನ್ನು ತಿರುಗಿಸುವ, ಏರಿಸಿಳಿಸುವ ಮುಖ್ಯ ನಿಯಂತ್ರಣಗಳಿಗೆ ವಿದ್ಯುತ್ ಆಕ್ಚುಯೇಟರು ಹಾಕುವ ವಿಚಾರ ಹುಡುಗನ ಗೆಳೆಯನೊಬ್ಬನ ತಲೆಯಲ್ಲಿತ್ತಂತೆ. ಆಟಿಕೆ ವಿಮಾನಗಳ ಸರ್ವೋ ಮೋಟರು ದೊಡ್ಡದಾಗಿ ಸಿಗುತ್ತವೆ, ಕಂಪ್ಯೂಟರಿನಿಂದ ನಡೆಸಬಹುದು ಎಂದು. ಅದನ್ನು ಖಡಾಖಂಡಿತವಾಗಿ ಬೇಡವೆಂದಿದ್ದೇನೆ. ಕೈಯಿಂದ ರೆಕ್ಕೆಯವರೆಗೆ ಉಕ್ಕಿನ ಹಗ್ಗ ಅಥವಾ ಕಡ್ಡಿ ಇರಲಿ. ದೊಡ್ಡ ವಿಮಾನಗಳಲ್ಲಿ ತಂತಿಯ ಮೂಲಕವೇ ಎಲ್ಲವೂ ನಡೆಯುತ್ತದೆಂದು ವಾದಿಸುವವರು, ಅಲ್ಲಿ ಪ್ರತಿಯೊಂದೂ ಎರಡು ಮೂರು ಪ್ರತಿಗಳಲ್ಲಿ ಇರುತ್ತದೆಂಬುದನ್ನು ಮರೆಯಬಾರದು.

ಅಷ್ಟಿದ್ದರೂ ದೊಡ್ಡವರು ಎಡವಿದ್ದಾರೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಬಾಲದ ಸಮತಲವನ್ನು ಮೋಟರಿನಿಂದ ತಿರುಗಿಸುವ ಅಧಿಕಾರವನ್ನು ಒಂದು ಕಂಪ್ಯೂಟರ್ ಕ್ರಮಕ್ಕೆ ಕೊಟ್ಟರು. ಅದು ಒಂದೇ ಒಂದು ಸಂವೇದಕದ ಮಾತು ನಂಬಿತು. ಸಂವೇದಕ ಸುಳ್ಳು ಹೇಳಿತು, ಮೋಟರು ಆಜ್ಞಾಧಾರಕನಂತೆ ಮತ್ತೆ ಮತ್ತೆ ಮೂತಿಯನ್ನು ಕೆಳಗೆ ತಳ್ಳಿತು. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ 189, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ 157 ಜೀವಗಳು ಹೋದವು. ಇಥಿಯೋಪಿಯದ ವೈಮಾನಿಕರು ಮೋಟರಿನ ವಿದ್ಯುತ್ತನ್ನು ಕಡಿದರು ಕೂಡ. ಆದರೆ ಆ ವೇಗದಲ್ಲಿ ಕೈಚಕ್ರವನ್ನು ತಿರುಗಿಸಲು ಅವರ ತೋಳಬಲ ಸಾಲಲಿಲ್ಲ. ಮೋಟರು ಕೆಟ್ಟಿರಲಿಲ್ಲ, ಗಮನಿಸಿರಿ. ಅದು ಬಹಳ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಆದ್ದರಿಂದ ಟ್ರಿಮ್ ಆಕ್ಚುಯೇಟರನ್ನು ಆರಿಸುವಾಗ ಅದರ ಬಲವನ್ನು ನೋಡಿ ಹಿಗ್ಗಬಾರದು. ಅದು ನಿಧಾನವಾಗಿರಬೇಕು, ದುರ್ಬಲವಾಗಿರಬೇಕು. ಸ್ವಿಚ್ಚು ಅಂಟಿಕೊಂಡು ಅದು ಕೊನೆಯವರೆಗೂ ಓಡಿಹೋದರೂ, ಸಾಧಾರಣ ಮನುಷ್ಯನ ಒಂದು ಕೈ ಕೋಲನ್ನು ಹಿಡಿದು ನೆಲಕ್ಕೆ ಇಳಿಸುವಷ್ಟು ಮಾತ್ರ ಅದಕ್ಕೆ ಅವಕಾಶವಿರಬೇಕು. ಅದರ ವಿದ್ಯುತ್ತನ್ನು ಕಡಿಯುವ ಗುಂಡಿ ಬೇರೆಯದಾಗಿ, ಕಣ್ಣುಮುಚ್ಚಿಯೂ ಕೈಗೆಟುಕುವಂತಿರಬೇಕು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವದೆಂದು ಕಲಿತಿದ್ದೀರಿ. ಗಂಟೆಗೆ 100 ಕಿಲೋಮೀಟರಿನಲ್ಲಿ ಹಿಡಿದ ಕೋಲಿನ ಭಾರ 140ರಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಹೀಗಾಗಿ ಮೊದಲು ವೇಗ ಇಳಿಸಬೇಕೆಂಬುದು ವೈಮಾನಿಕನ ಅಭ್ಯಾಸದಲ್ಲಿ ಬರಬೇಕಾದ ಸಂಗತಿ.

ಫ್ಲ್ಯಾಪಿನ ವಿಷಯದಲ್ಲಿ ಗೆಳೆಯರ ಗುಂಪು ಎಡಕ್ಕೊಂದು ಬಲಕ್ಕೊಂದು ಆಕ್ಚುಯೇಟರು ಎಂದು ಬರೆದಿತ್ತು. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದಿದೆ ಎಂಬ ಸಮಾಧಾನ. ಕೇಳಲು ವಿವೇಕವೆಂದೇ ಕಾಣುವದು. ಆದರೆ ಒಂದು ಕೆಟ್ಟು ಇನ್ನೊಂದು ನಡೆದರೆ ಎಡಗಡೆಯ ಫ್ಲ್ಯಾಪು ಮೇಲೆ, ಬಲಗಡೆಯದು ಕೆಳಗೆ. ನೆಲ ಹತ್ತಿರವಿರುವಾಗ ವಿಮಾನ ಮಗ್ಗಲು ಹೊರಳುತ್ತದೆ. ಎರಡೂ ಫ್ಲ್ಯಾಪುಗಳನ್ನು ಒಂದೇ ಉಕ್ಕಿನ ಕೊಳವೆಗೆ ಜೋಡಿಸಿ ಅದನ್ನು ಒಂದೇ ಮೋಟರು ತಿರುಗಿಸಲಿ. ಅದು ಕೆಟ್ಟರೆ ಎರಡೂ ಇದ್ದಲ್ಲಿಯೇ ಉಳಿಯುತ್ತವೆ, ಸ್ವಲ್ಪ ಹೆಚ್ಚಿನ ವೇಗದಲ್ಲಿ ಇಳಿದರಾಯಿತು. ಇದ್ದಲ್ಲಿಯೇ ಉಳಿಯಬೇಕಾದರೆ ತಿರುಪಿನ ಕಂಬಿ ಮೋಟರು ನಿಂತಾಗ ಹಿಂದಕ್ಕೆ ಜಾರದಂಥದಾಗಿರಬೇಕು. ಸಾದಾ ತಿರುಪು ಘರ್ಷಣೆಯಿಂದಲೇ ಹಿಡಿದುಕೊಳ್ಳುತ್ತದೆ, ಲಾರಿ ಎತ್ತುವ ಸ್ಕ್ರೂ ಜಾಕಿನ ಹಾಗೆ. ಗುಂಡುಗಳ ಮೇಲೆ ಓಡುವ ನುಣುಪು ತಿರುಪು ಹಿಡಿದುಕೊಳ್ಳುವದಿಲ್ಲ. ಅಂಗಡಿಯವನು ಎರಡನೆಯದನ್ನೇ ಉತ್ತಮವೆಂದು ಮಾರುತ್ತಾನೆ, ಅದು ಘರ್ಷಣೆ ಕಡಿಮೆಯದು, ತುಟ್ಟಿಯದು. ಈ ಕೆಲಸಕ್ಕೆ ಘರ್ಷಣೆಯೇ ನಮ್ಮ ಗೆಳೆಯ.

ಟ್ರ್ಯಾಕ್ಟರಿನ ವಾಯರಿಂಗು ಬಲ್ಲವರಿಗೆ ವಿಮಾನದಲ್ಲಿ ಇನ್ನೊಂದು ಹೊಸತು ಎದುರಾಗುತ್ತದೆ. ಟ್ರ್ಯಾಕ್ಟರಿಗೆ ಒಂದೇ ವಾಯರು ಸಾಕು, ಮರಳುವ ದಾರಿ ಉಕ್ಕಿನ ಮೈಯೇ, ಬಾಡಿ ಅರ್ಥ್ ಎನ್ನುತ್ತೇವಲ್ಲ ಅದು. ಗಾಜಿನ ಎಳೆ ಮತ್ತು ರಾಳದಿಂದ ಮಾಡಿದ ವಿಮಾನದ ಮೈಯಲ್ಲಿ ವಿದ್ಯುತ್ತು ಹರಿಯದು. ಪ್ರತಿ ದೀಪಕ್ಕೂ ಪ್ರತಿ ಮೋಟರಿಗೂ ಮರಳುವ ವಾಯರು ಬೇಕು, ಅದೂ ಸಾಕಷ್ಟು ದಪ್ಪನಾದದ್ದು. ಸ್ಟಾರ್ಟರು 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.01 ಓಮ್ ರೋಧವಿದ್ದರೂ 12 ವೋಲ್ಟಿನಲ್ಲಿ ಒಂದೂವರೆ ವೋಲ್ಟು ಅಲ್ಲಿಯೇ ಕರಗುತ್ತದೆ. ಗುಣಾಕಾರ ಮಾಡಿ ನೋಡಿರಿ.

ಇಂಥ ಸಂಯುಕ್ತ ವಸ್ತುವಿನ ಹಗುರ ವಿಮಾನ ನಮ್ಮ ಕರ್ನಾಟಕದಲ್ಲಿಯೇ ಹುಟ್ಟಿದೆ ಎಂಬುದನ್ನು ಎಷ್ಟು ಜನ ಬಲ್ಲರೋ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ಹಂಸ ವಿಮಾನ 1993ರಲ್ಲಿ ಮೊದಲು ಹಾರಿತು. ಹಂಸ-3ಕ್ಕೆ 2000ದಲ್ಲಿ ಡಿಜಿಸಿಎ ಪ್ರಮಾಣಪತ್ರ ದೊರೆಯಿತು. ಅದಕ್ಕೂ ಹಿಂದೆ ಎಚ್‌ಎಎಲ್ 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನು ಹಾರಿಸಿತ್ತು. ಅದರ ವಿನ್ಯಾಸಕಾರ ಡಾ. ವಿ.ಎಂ. ಘಾಟಗೆ ನಮ್ಮ ನೆರೆಯ ಕೊಲ್ಹಾಪುರ ಸೀಮೆಯವರು, ಜರ್ಮನಿಯ ಗಟಿಂಗನ್ನಿನಲ್ಲಿ ಪ್ರಾಂಟ್ಲ್ ಅವರ ಶಿಷ್ಯರು. 1958ರಲ್ಲಿ ಹಾರಿದ ಪುಷ್ಪಕದ ಇಂಜಿನ್ನು 90 ಅಶ್ವಶಕ್ತಿಯದು. ಆ ಕಾಲದ ಇಂಜಿನ್ನುಗಳಲ್ಲಿ ಕಿಡಿ ಕೊಡುತ್ತಿದ್ದದ್ದು ಮ್ಯಾಗ್ನೆಟೊ. ನಮ್ಮ ಲೂನಾ ಮೊಪೆಡ್ಡು ಬ್ಯಾಟರಿಯ ಹಂಗಿಲ್ಲದೆ ಓಡುತ್ತಿತ್ತಲ್ಲ, ಹಾಗೆ ಬ್ಯಾಟರಿ ಸತ್ತರೂ ಇಂಜಿನ್ನು ಸಾಯುತ್ತಿರಲಿಲ್ಲ.

2021ರ ಸೆಪ್ಟೆಂಬರ್ 3ರಂದು ಮೊದಲು ಹಾರಿದ ಹೊಸ ಹಂಸ-ಎನ್‌ಜಿ ವಿಮಾನದಲ್ಲಿ ಫ್ಲ್ಯಾಪುಗಳು ವಿದ್ಯುತ್ತಿನವು, ಇಂಜಿನ್ನಿನ ನಿಯಂತ್ರಣ ಗಣಕದ್ದು. ರೋಟಾಕ್ಸ್ ಕಂಪನಿಯ ಇಂಥ ಇಂಧನ ಚುಚ್ಚುವ ಇಂಜಿನ್ನುಗಳಿಗೆ ಗಣಕಕ್ಕೂ ಪೆಟ್ರೋಲ್ ಪಂಪಿಗೂ ವಿದ್ಯುತ್ತು ಬೇಕೇ ಬೇಕು, ಅದಿಲ್ಲದಿದ್ದರೆ ನಿಲ್ಲುತ್ತವೆ. ಅದಕ್ಕಾಗಿಯೇ ಒಳಗೆ ಎರಡು ಜನರೇಟರುಗಳನ್ನಿಟ್ಟು, ಒಂದನ್ನು ಇಂಜಿನ್ನಿಗೆಂದೇ ಮೀಸಲಿಟ್ಟಿದ್ದಾರೆ. ಅದೇ ಕಂಪನಿಯ ಕಾರ್ಬ್ಯುರೇಟರಿನ 912 ಇಂಜಿನ್ನು ಬ್ಯಾಟರಿ ಇಲ್ಲದೆಯೂ ನಡೆಯುತ್ತದೆ, ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಹುಡುಗರು ಯಾವುದನ್ನು ಆರಿಸುವದೆಂದು ಇನ್ನೂ ಜಗ್ಗಾಡುತ್ತಿದ್ದಾರೆ. ಮೊದಲ ವಿಮಾನಕ್ಕೆ ಕಾರ್ಬ್ಯುರೇಟರೇ ಇರಲೆಂದು ನನ್ನ ಮತ. ಎನ್‌ಎಎಲ್‌ನವರು ಹೊಸ ಇಂಜಿನ್ನನ್ನು ಹಾಗೆಯೇ ನಂಬಲಿಲ್ಲ. 2022ರ ಮೇ 17ರಂದು ಚಳ್ಳಕೆರೆಯ ಡಿಆರ್‌ಡಿಒ ಪರೀಕ್ಷಾ ನೆಲೆಯ ಮೇಲೆ ಎಂಟು ಸಾವಿರ ಅಡಿಯ ಆಸುಪಾಸಿನಲ್ಲಿ ಇಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸಿ ನೋಡಿದರು. ಆ ಪರೀಕ್ಷಾ ವೈಮಾನಿಕರ ಧೈರ್ಯದ ಹಿಂದೆ ಕೆಳಗೆ ಉದ್ದದ ರನ್‌ವೇ ಇತ್ತು, ಮೊದಲೇ ಮಾಡಿದ ಲೆಕ್ಕಗಳಿದ್ದವು.

ಎಲ್ಲವೂ ವಿಮಾನಕ್ಕೆಂದೇ ಪ್ರಮಾಣೀಕರಿಸಿದ ವಸ್ತುವಾಗಿದ್ದರೆ ಸಾಮಾನ್ಯನು ವಿಮಾನ ಕಟ್ಟುವದೇ ಬೇಡವೇ ಎಂದು ಹುಡುಗ ಸ್ವಲ್ಪ ಬೇಸರದಿಂದಲೇ ಕೇಳಿದ. ನ್ಯಾಯವಾದ ಪ್ರಶ್ನೆ. ಹಗಲು ಮಾತ್ರ ಹಾರುವ ವಿಮಾನದಲ್ಲಿ ನೆಲ ತೋರುವ ದೀಪದ ರಿಲೇ ಕಾರಿನದಾದರೆ ಅಡ್ಡಿಯಿಲ್ಲ. ಅದು ಸತ್ತರೆ ದೀಪ ಹತ್ತುವದಿಲ್ಲ, ಅಷ್ಟೇ. ಮೊಬೈಲು ಚಾರ್ಜು ಮಾಡುವ ಸಾಕೆಟ್ಟಿಗೆ ಪ್ರಮಾಣಪತ್ರವೇಕೆ? ಐದನೆಯ ಅಂಕಣ ತುಂಬಿದರೆ ಹಣ ಉಳಿಸಬಹುದಾದ ಜಾಗಗಳೂ ತಾವಾಗಿ ತೋರುತ್ತವೆ. ಕಾರಿನ ಬಿಡಿಭಾಗಗಳನ್ನು ಮೂಗುಮುರಿದು ನೋಡುವವರ ಗುಂಪಿಗೆ ನಾನು ಸೇರಿದವನಲ್ಲ. ಯಾವ ಕಂಪನಿಯದು, ಯಾವ ಅಂಕಿಗಳಿಗೆ ಮಾಡಿದ್ದು ಎಂಬ ಕಾಗದವಿಲ್ಲದ ವಸ್ತು ಮಾತ್ರ, ವಿಮಾನದ್ದೆಂದು ಹೇಳಿ ಮಾರಿದರೂ, ಬೇಡ.

ಸರಕಾರದ ಪಾಲೂ ಇಲ್ಲಿದೆ. ಮುಂಬೈಯ ವೈಮಾನಿಕ ಅಮೋಲ ಯಾದವ ಅವರು ತಮ್ಮ ಮನೆಯ ಮಾಳಿಗೆಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದ್ದನ್ನು ಓದಿರುತ್ತೀರಿ. 2016ರಲ್ಲಿ ಮುಂಬೈಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ಲಕ್ಷಾಂತರ ಜನ ಕಂಡರು, ಡಿಜಿಸಿಎ ನೋಂದಣಿ ಸಿಕ್ಕದ್ದು 2017ರ ನವೆಂಬರಿನಲ್ಲಿ. ಅಮೆರಿಕದಲ್ಲಿ ಹವ್ಯಾಸಿಯು ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ತಾನೇ ಮಾಡಿರಬೇಕು, ತಪಾಸಣೆಯಾಗಬೇಕು, ಆಮೇಲೆ ಸಾಮಾನ್ಯವಾಗಿ 25 ಅಥವಾ 40 ತಾಸು ಜನವಸತಿಯಿಲ್ಲದ ಕಡೆ ಹಾರಿ ಪರೀಕ್ಷಿಸಬೇಕು. ಅಲ್ಲಿಯವರೆಗೆ ಸವಾರಿಗೆಂದು ಯಾರನ್ನೂ ಕೂಡಿಸಿಕೊಳ್ಳುವಂತಿಲ್ಲ. ಇದು ಪ್ರಯೋಗದ ವಿಮಾನವೆಂದು ಪ್ರಯಾಣಿಕನ ಕಣ್ಣೆದುರು ಫಲಕ ಇರಲೇಬೇಕು. ದಾರಿ ತೆರೆದಿದೆ, ದಾರಿಯ ಎರಡೂ ಬದಿಗೆ ಬೇಲಿಯಿದೆ. ನಮ್ಮಲ್ಲಿಯೂ ಹವ್ಯಾಸಿಗೆ ಇಷ್ಟು ಸ್ಪಷ್ಟವಾದ ದಾರಿ ಬೇಕು. ಅದಿಲ್ಲದಿದ್ದರೆ ಕಟ್ಟುವ ಆಸೆಯುಳ್ಳವರು ಸುಮ್ಮನಿರುವದಿಲ್ಲ, ಕಬ್ಬು ಕಟಾವಾದ ಹೊಲದಲ್ಲಿ ನಸುಕಿನಲ್ಲಿ ಯಾರಿಗೂ ಹೇಳದೆ ಹಾರಿಸಲು ನೋಡುತ್ತಾರೆ. ಮರುದಿನ ಪತ್ರಿಕೆಗಳಿಗೆ ಇನ್ನೊಂದು ಬಗೆಯ ಸುದ್ದಿ.

ರಬಕವಿಯ ತಂದೆಗೆ ಈ ನಲವತ್ತು ತಾಸಿನ ಲೆಕ್ಕವನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವರು ತಾಳ್ಮೆಯಿಂದ ಕೇಳಿ, "ಹೊಸ ಮಗ್ಗದ ಮ್ಯಾಲ ಮೊದಲ ಸೀರಿ ನಾವು ಮಾರೂದಿಲ್ರಿ ಸರ, ಮನಿಗೇ ಇಟ್ಕೋತೇವಿ. ತಪ್ಪಿದ್ರ ಕಾಣತೈತಿ" ಎಂದರು. ಅವರಿಗೆ ವಿವರಿಸುವದು ಹೆಚ್ಚೇನೂ ಉಳಿಯಲಿಲ್ಲ.

ನಮ್ಮ ಪ್ರೌಢಶಾಲೆಗಳ ಪ್ರಯೋಗಶಾಲೆಗಳಲ್ಲಿ ಇಂದಿಗೂ ಓಮನ ನಿಯಮವನ್ನು ಸರಿಯಾಗಿ ನಡೆಯುವ ಉಪಕರಣಗಳಿಂದಲೇ ತೋರಿಸುತ್ತೇವೆ. ಸುಟ್ಟ ರಿಲೇ, ಅಂಟಿದ ಸ್ವಿಚ್ಚು, ಕರಗಿದ ಫ್ಯೂಜು ಇವುಗಳನ್ನು ಒಂದು ಹಲಗೆಗೆ ಬಡಿದು ತರಗತಿಯಲ್ಲಿ ತೂಗುಹಾಕಿದರೆ ಖರ್ಚೇನೂ ಇಲ್ಲ, ಗುಜರಿಯಲ್ಲಿ ಬೇಕಾದಷ್ಟಿವೆ. ಈಗ ಸೇವೆಯಲ್ಲಿರುವ ನನ್ನ ಶಿಷ್ಯ ಮಾಸ್ತರರು ಯಾರಾದರೂ ಮಾಡಿ ನೋಡಲಿ.

ಎಚ್‌ಎಎಲ್, ಎನ್‌ಎಎಲ್‌ಗಳಲ್ಲಿ ಕೆಲಸದಲ್ಲಿರುವ ಅಥವಾ ವಾಯುಸೇನೆಯಿಂದ ನಿವೃತ್ತರಾಗಿರುವ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಲಿಥಿಯಂ ಬ್ಯಾಟರಿಗಳ ಬಗ್ಗೆ ನಾನು ಇಲ್ಲಿ ಬರೆದಿಲ್ಲ. ಅವು ಹಗುರ, ಆದರೆ ಒಳಗಿನ ಕಾವಲು ಮಂಡಲವು ತನ್ನನ್ನು ಕಾಪಾಡಿಕೊಳ್ಳಲು ಹಾರಾಟದ ನಡುವೆ ವಿದ್ಯುತ್ತನ್ನೇ ಕಡಿದುಬಿಡಬಲ್ಲದು. ಹುಡುಗರು ಅದನ್ನೇ ಹಾಕುವ ಹಟದಲ್ಲಿದ್ದಾರೆ. ಅನುಭವವುಳ್ಳವರು ನಾಲ್ಕು ಸಾಲು ಬರೆದರೆ ಅವರಿಗೆ ತಲುಪಿಸುವೆ.